ಏಟಿನ ಕೆಳಗಿನ ಹೆಸರು

"ಮುಳ್ಳು ಸಾವಕಾಶ ಬಿಡ್ರಿ ಗೌಡ್ರ, ಹೊಸಾ ರಿಕಾರ್ಡ್ ಐತಿ," ಎಂದ ಕಾಸಿಂಸಾಬ.

ಬಸವಂತರಾಯರು ನಕ್ಕರು. ಸಿಂದಗಿಯಲ್ಲಿ ಇನ್ನೂ ತಿರುಗುವ ಸ್ಥಿತಿಯಲ್ಲಿದ್ದ ರಿಕಾರ್ಡ್ ಪ್ಲೇಯರು ಅವರ ತಂದೆಯ ಕಾಲದ ಈ ಪೆಟ್ಟಿಗೆ ಒಂದೇ. ಹಾಗಾಗಿ ತನ್ನ ಹಾಡನ್ನು ತಾನೇ ಕೇಳಲು ಕಾಸಿಂಸಾಬ ಈ ಮನೆಗೆ ಬರಬೇಕಾಯಿತು. ಬರುವುದೇನು, ಗೌಡರೇ ಕಾರು ಕಳಿಸಿ ಕರೆಸಿಕೊಂಡಿದ್ದರು. ಅವರು ಕರೆದರೆ ಒಲ್ಲೆ ಎನ್ನುವವರು ಊರಲ್ಲಿ ಯಾರೂ ಇರಲಿಲ್ಲ.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಇಲ್ಲಿಯ ನಾಲ್ವರು ಹುಡುಗರು ಗಿಟಾರು, ಡ್ರಮ್ಮು ಹೊತ್ತು ಊರಿನ ಕಪ್ಪು ಮಣ್ಣಿನ ಹೆಸರಲ್ಲಿ 'ಎರಿ' ಎಂಬ ರಾಕ್ ಬ್ಯಾಂಡು ಕಟ್ಟಿ, ಸೊಲ್ಲಾಪುರಕ್ಕೆ ಹೋಗಿ ಒಂದು ಕ್ಯಾಸೆಟ್ಟು ಮಾಡಿದ್ದರು. ಮಂದಿ ಮೊದಲು ಕಿವಿ ಮುಚ್ಚಿಕೊಂಡರು, ಆಮೇಲೆ ಟೆಂಪೋಗಳಲ್ಲಿ ಅದನ್ನೇ ಹಾಕಿಕೊಂಡು ತಿರುಗಿದರು. ನಾಲ್ವರಲ್ಲಿ ಈಗ ಉಳಿದವರು ಇಬ್ಬರೇ. ಹಾಡುತ್ತಿದ್ದ ಕಾಸಿಂಸಾಬನದು ಬಸ್ ಸ್ಟ್ಯಾಂಡ್ ಎದುರು ಮೋಟಾರು ರಿಪೇರಿ ಅಂಗಡಿ. ಡ್ರಮ್ಮು ಬಾರಿಸುತ್ತಿದ್ದ ಸೋಮನಿಂಗ ಇಂಡಿಯಲ್ಲಿ ಶಾಲೆಯ ಜವಾನ; ಇವತ್ತು ಅವನನ್ನೂ ಗೌಡರು ಅದೇ ಕಾರಿನಲ್ಲಿ ಕರೆಸಿದ್ದರು. ಬೆಂಗಳೂರಿನ ಸಣ್ಣ ಕಂಪನಿಯೊಂದು ಮೂಲ ಟೇಪು ಹುಡುಕಿ ಅದನ್ನೀಗ ಕರೀ ತಟ್ಟೆಯ ರಿಕಾರ್ಡಾಗಿ ಹೊರತಂದಿತ್ತು. ಅದು ಪೋಸ್ಟಿನಲ್ಲಿ ಬಂದ ದಿನ ಕಾಸಿಂಸಾಬ ಊಟ ಬಿಟ್ಟು ಅದರ ಹೊದಿಕೆಯನ್ನೇ ನೋಡುತ್ತ ಕೂತಿದ್ದ.

ಎರಡನೆಯ ಮಗ್ಗುಲಿನ ಮೊದಲ ಹಾಡು ಮರೆವ್ವನದು. ಗೌಡರ ತೋಟದಲ್ಲಿ ದುಡಿಯುತ್ತಿದ್ದ ಮರೆವ್ವ ಒಂದು ಮುಂಜಾನೆ ಅವರದೇ ಬಾವಿಯಲ್ಲಿ ತೇಲಿದ್ದಳು. ಕಾಲು ಜಾರಿತು ಎಂದರು. ಕಾಲು ಜಾರಿದವಳ ಕೊರಳಿಗೆ ಹಗ್ಗ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಹಾಡು ಕೇಳಿತು, ಹಗ್ಗ ಯಾರದು ಎಂದು, ಮೂರು ಸಲ. ಮೂರನೆಯ ಸಲ ಉತ್ತರದ ಜಾಗದಲ್ಲಿ ಸೋಮನಿಂಗ ಎರಡೂ ಕೈಯಿಂದ ಧಡಲ್ಲನೆ ಡ್ರಮ್ಮು ಬಾರಿಸುತ್ತಿದ್ದ. ಮಂದಿ ಆ ಏಟಿನೊಳಗೆ ಹೆಸರು ಕೇಳಿಸಿಕೊಂಡು ಗಪ್‌ಚಿಪ್ ಮನೆಗೆ ಹೋಗುತ್ತಿದ್ದರು.

ಆದರೆ ಸ್ಟುಡಿಯೋದಲ್ಲಿ, ಇಪ್ಪತ್ತಾರರ ವಯಸ್ಸಿನ ಹುಕಿಯಲ್ಲಿ, ಕಾಸಿಂಸಾಬ ಏಟಿನ ಕೆಳಗೆ ಆ ಹೆಸರನ್ನು ನಿಜವಾಗಿಯೂ ಕೂಗಿದ್ದ. "ನೀ ಒದರು, ನಾ ಮುಚ್ಚತೇನಿ," ಎಂದಿದ್ದ ಸೋಮನಿಂಗ. ಇದು ಅವರಿಬ್ಬರಿಗಷ್ಟೇ ಗೊತ್ತಿತ್ತು.

ಮೊದಲ ಮಗ್ಗುಲು ಮುಗಿಯುವ ಹೊತ್ತಿಗೆ ಕಾಸಿಂಸಾಬನ ಫೋನು ಬಡಿದುಕೊಂಡಿತು. ಕಂಪನಿಯ ಸೌಂದರ್ಯಾ. ಅವನು ಎದ್ದು ಪಡಸಾಲೆಗೆ ಬಂದ.

"ಸರ್, ಒಂದು ವಿಷಯ ಹೇಳೋದೇ ಮರೆತಿದ್ದೆ. ಮರೆವ್ವನ ಹಾಡಲ್ಲಿ ಒಂದು ಕಡೆ ಡ್ರಮ್ಸು ನಿಮ್ಮ ಧ್ವನೀನೇ ನುಂಗ್ಬಿಟ್ಟಿತ್ತು. ಎರಡು ದಿನ ಕೂತು ಅದನ್ನ ತಗ್ಗಿಸಿ ನಿಮ್ಮ ಪದ ಮೇಲೆ ತಂದಿದೀವಿ. ಎಷ್ಟು ಸ್ಪಷ್ಟ ಕೇಳತ್ತೆ ಗೊತ್ತಾ!"

"ಏನ್ ಕೇಳತೈತವ್ವ ಅಲ್ಲಿ?"

"ಯಾರದೋ ಹೆಸರು ಸರ್. ಬಸವಂತ..."

"ಸಾಕವ್ವ."

ಅವನು ಫೋನು ಜೇಬಿಗಿಟ್ಟು ಹೊರಗೆ ನೋಡಿದ. ಅಂಗಳದಲ್ಲಿ ಗೇಟು ಮುಚ್ಚಿತ್ತು. ಅವರನ್ನು ಕರೆತಂದ ಡ್ರೈವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಕಾಸಿಂಸಾಬ ಒಳಗೆ ಬಂದು ಸೋಮನಿಂಗನ ಪಕ್ಕ ಕೂತು ಪಿಸುಗುಟ್ಟಿದ.

"ಏಟು ತಗದಾರ. ಹೆಸರು ಐತಿ."

ಸೋಮನಿಂಗ ಚಹದ ಕಪ್ಪನ್ನು ಟೀಪಾಯಿಯ ಮೇಲಿಟ್ಟ. ಬಸವಂತರಾಯರು ರಿಕಾರ್ಡನ್ನು ಮಗುಚಿ ಹಾಕುತ್ತಿದ್ದರು.

"ಇನ್ನೊಂದ್ ಮಗ್ಗಲ ನಾಳೆ ಕೇಳೂಣ್ರಿ ಗೌಡ್ರ," ಎಂದ ಕಾಸಿಂಸಾಬ. "ನಮಾಜಿನ ಹೊತ್ತಾತು."

"ಅಸರಿನ ನಮಾಜಿಗೆ ಇನ್ನ ಅರ್ಧಾ ತಾಸ್ ಐತಿ. ಕೂಡು." ಅವರು ಮುಳ್ಳು ಇಳಿಸಿದರು. "ಈ ಹಾಡಿನ್ಯಾಗ ಒಂದ್ ಕಡೆ ಭಾಳ ಗದ್ದಲ ಇತ್ತು. ಮಂದಿ ಏನೇನೋ ಅಂತಿದ್ರು. ಈಗರ ಸ್ವಚ್ಛ ಕೇಳಬಹುದು."

ಗಿಟಾರು ಸುರುವಾಯಿತು. ಹಗ್ಗ ಯಾರದು? ಮತ್ತೆ, ಹಗ್ಗ ಯಾರದು? ಮೂರನೆಯ ಸಲ ಕೇಳಿದ್ದೇ ತಡ, ಸೋಮನಿಂಗನ ಎರಡೂ ಕೈ ಟೀಪಾಯಿಗೆ ಅಪ್ಪಳಿಸಿದವು. ಕಪ್ಪುಗಳು ಹಾರಿಬಿದ್ದವು. ಹೆಸರು ಮುಚ್ಚಿಹೋಯಿತು.

"ಚಟಾ ಹೋಗಿಲ್ಲಲೋ ನಿಂದು!" ಬಸವಂತರಾಯರು ಗಟ್ಟಿಯಾಗಿ ನಕ್ಕು, ಧೋತರದ ಮೇಲೆ ಸಿಡಿದ ಚಹ ಒರೆಸಿಕೊಂಡರು. ನಗು ನಿಂತಿತು. ಅವರು ಮುಳ್ಳನ್ನು ಎತ್ತಿ ಹಿಂದಕ್ಕೆ ತಂದರು. "ಸೋಮನಿಂಗ, ಕೈ ಮಡಚಿ ಕೂಡು."

ಕಾಸಿಂಸಾಬನಿಗೆ ಹೆದರಿಕೆಯಾಯಿತು. ಮಗಳು ಬುಶ್ರಾ ಅಂಗಡಿಯಲ್ಲಿ ಒಬ್ಬಳೇ ಇದ್ದಾಳೆಂಬುದು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಧೈರ್ಯದ ಹಾಡೆಂದು ಮಂದಿ ಹೊಗಳಿದಾಗಲೆಲ್ಲ ಬೀಗಿದ್ದ. ಹೆಸರನ್ನು ಮಾತ್ರ ಇನ್ನೊಬ್ಬನ ಕೈ ಕೆಳಗೆ ಅಡಗಿಸಿಟ್ಟಿದ್ದ. ಪಕ್ಕದಲ್ಲಿ ಸೋಮನಿಂಗನ ಕೈಗಳು ಮತ್ತೆ ಟೀಪಾಯಿಯತ್ತ ಸರಿಯುತ್ತಿದ್ದವು. ಕಾಸಿಂಸಾಬ ಅವೆರಡನ್ನೂ ಹಿಡಿದು ತನ್ನ ತೊಡೆಯ ಮೇಲೆಳೆದುಕೊಂಡ.

"ಬಿಡೋ," ಎಂದ ಸೋಮನಿಂಗ.

ಅವನು ಬಿಡಲಿಲ್ಲ. ರಿಕಾರ್ಡಿನೊಳಗಿಂದ ಇಪ್ಪತ್ತಾರರ ಹುಡುಗನೊಬ್ಬ ಹಗ್ಗ ಯಾರದೆಂದು ಮೂರನೆಯ ಸಲ ಕೇಳಿದ. ಬಸವಂತರಾಯರು ತಲೆ ವಾಲಿಸಿ ಕಿವಿಯನ್ನು ಪೆಟ್ಟಿಗೆಯ ಹತ್ತಿರ ತಂದರು.