ಜುಲೇಖಾ ಮೇಡಂ ಕಳಿಸಿದವರು

ವೃಷಭೇಂದ್ರಪ್ಪನವರು ಚಪ್ಪಲಿ ಬಿಟ್ಟು ಹೊಸಿಲು ದಾಟಬೇಕು ಅನ್ನುವಷ್ಟರಲ್ಲಿ ಮಹದೇವಮ್ಮ ಬಾಗಿಲಿಗೆ ಅಡ್ಡ ಕೈಯಿಟ್ಟಳು.

"ಒಳಗೆ ಹೆಂಗಸರು ಸ್ನಾನ ಮಾಡಿಸ್ತಾವ್ರೆ ಸಾರ್. ಗಂಡಸರು ಹೋಗಂಗಿಲ್ಲ."

"ಓ, ಹೌದಾ? ಒಂದ್ಸಲ ಮುಖ ನೋಡ್ಕೊಂಡು ಹೋಗೋಣಾಂತ ಬಂದೆ ಕಣಮ್ಮ. ಎಷ್ಟಾದ್ರೂ ನನ್ನ ಶಿಷ್ಯೆ."

ಮಹದೇವಮ್ಮನ ಕೈ ಚೌಕಟ್ಟನ್ನು ಬಿಗಿಯಾಗಿ ಹಿಡಿಯಿತು. ಅವಳೀಗ ಸಸ್ಯವಿಜ್ಞಾನ ಸಂಶೋಧನಾ ಕೇಂದ್ರದ ನಿರ್ದೇಶಕಿ. ಒಂದು ಕಾಲದಲ್ಲಿ ಇವರು ಕೂತಿದ್ದ ಕುರ್ಚಿಯಲ್ಲೇ ಕೂರುವವಳು. ಆ ಮಾತಿಗೆ ಉತ್ತರ ಅವಳ ನಾಲಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಒಳಗಿನಿಂದ ಬೇರೊಂದು ದನಿ ಬಂತು.

"ಯಾರು ಮಹದೇವಿ? ಯಾರ ಶಿಷ್ಯೆ ಅಂದ್ರು?"

ತೀರಿಕೊಂಡ ಜುಲೇಖಾ ಬಾನುವಿನ ತಂಗಿ ರಜಿಯಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಗಂಡ ಸತ್ತ ಮೇಲೆ ನಜರ್‌ಬಾದಿನ ಈ ಮನೆಯಲ್ಲಿ ಅಕ್ಕನ ಜೊತೆಗೇ ಇದ್ದವಳು. ಈ ಮನುಷ್ಯನ ಹೆಸರನ್ನು ಊಟಕ್ಕೆ ಕೂತಾಗಲೆಲ್ಲ ಕೇಳಿದ್ದಳು. ಮುಖ ನೋಡಿದ್ದು ಇವತ್ತೇ.

"ನೀವೇನಾ ವೃಷಭೇಂದ್ರಪ್ಪ ಸಾರು?" ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೂತ್ಕಳಿ. ಮಣ್ಣಿಗೆ ಹೋಗೋದು ಮಧ್ಯಾಹ್ನದ ನಮಾಜ್ ಆದ್ಮೇಲೆ. ಕಾಯಿರಿ."

ಬೀದಿಯ ಶಾಮಿಯಾನದಲ್ಲಿ ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದಳು.

*

ಎಂ.ಎಸ್ಸಿ. ಮುಗಿಸಿದ ಜುಲೇಖಾ ರಾಗಿಯ ಬೆಂಕಿರೋಗದ ಮೇಲೆ ವೃಷಭೇಂದ್ರಪ್ಪನವರ ಕೈಕೆಳಗೆ ಕೆಲಸಕ್ಕೆ ಸೇರಿದ್ದಳು. ಬುರ್ಖಾ ಮಡಿಸಿ ಚೀಲಕ್ಕಿಟ್ಟು ಹೊಲಕ್ಕಿಳಿಯುವಳು, ಕಲೆಬಿದ್ದ ಎಲೆಗಳನ್ನು ಆರಿಸಿ ತರುವಳು. ಹಾಗೆ ಎರಡು ಮಳೆಗಾಲ ದುಡಿದ ಮೇಲೆ ಪಿಎಚ್.ಡಿ. ಸೀಟಿನ ಸಂದರ್ಶನ ಬಂತು.

"ನಿಮ್ಮೋರಲ್ಲಿ ಇಷ್ಟು ಓದಿಸಿರೋದೇ ಹೆಚ್ಚಲ್ವೇನಮ್ಮ? ನಾಳೆ ನಿಕಾ ಆಗಿ ಹೊರಟುಬುಡ್ತೀಯ. ಸೀಟು ಹಾಳು."

ವೃಷಭೇಂದ್ರಪ್ಪನವರ ಈ ಮಾತಿಗೆ ಸುತ್ತ ಕೂತವರು ನಕ್ಕರು. ಸೀಟು ಬೇರೊಬ್ಬನ ಪಾಲಾಯಿತು. ಅವಳು ತಂದ ಎಲೆಗಳ ಮೇಲಿನ ಪ್ರಬಂಧ ಅವಳ ಹೆಸರಿಲ್ಲದೆ ಅಚ್ಚಾಯಿತು.

ಮನೆಗೆ ಬಂದವಳು ಅಳಲಿಲ್ಲ. "ಅವನ ಮಾತು ನಿಜ ಆಗಬಾರದು ರಜಿಯಾ. ನಾನು ಮದುವೆ ಆಗಲ್ಲ" ಎಂದಳು. ಚನ್ನಪಟ್ಟಣದ ಒಳ್ಳೆಯ ಸಂಬಂಧವೊಂದು ಬಂದಿತ್ತು. ಹುಡುಗ ಹೈಸ್ಕೂಲು ಮೇಷ್ಟರು, ಬಹಳ ಕಾಲ ಕಾದು ಬೇರೆ ಕಡೆ ಮದುವೆಯಾದ. ಅವತ್ತೊಂದು ದಿನ ಜುಲೇಖಾ ಊಟ ಮಾಡಲಿಲ್ಲ.

ಮುಂದೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲಿ ಹುಡುಗಿಯರನ್ನು ಆರಿಸತೊಡಗಿದಳು. ಆ ಮನುಷ್ಯ ಯಾರನ್ನು ಕಂಡರೆ 'ನಿಮ್ಮೋರು' ಅನ್ನುತ್ತಾನೋ ಅಂಥವರನ್ನೇ: ತನ್ನ ಕೇರಿಯ ಸಾಬರ ಮನೆಯವರು, ಕಾಲೋನಿಯವರು, ಕಾಡಂಚಿನ ಹಾಡಿಯಿಂದ ಬಂದವರು. ಭಾನುವಾರ ಪಡಸಾಲೆಯಲ್ಲಿ ಮೈಕ್ರೋಸ್ಕೋಪು ಇಟ್ಟು ಕಲಿಸುವಳು. ತಪ್ಪಿದರೆ ಕಣ್ಣೀರು ಬರುವ ಹಾಗೆ ಬೈಯುವಳು.

"ಪ್ರೀತಿಗಲ್ಲ ಕಣೇ ನಾನು ಕಲಿಸ್ತಿರೋದು. ನೀನು ಸೋತ್ರೆ ಅವನು ಗೆದ್ದಂಗೆ."

ವೃಷಭೇಂದ್ರಪ್ಪನವರ ಕೇಂದ್ರದಲ್ಲಿ ಪಿಎಚ್.ಡಿ. ಸಂದರ್ಶನವಿದ್ದ ದಿನ ಹುಡುಗಿಯ ಜೊತೆ ತಾನೂ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಿರುವಳು. ಮಾತಿಲ್ಲ, ನಮಸ್ಕಾರವಿಲ್ಲ. ಬರಬರುತ್ತ ವೃಷಭೇಂದ್ರಪ್ಪನವರು ಹಿಂಬಾಗಿಲಿನಿಂದ ಓಡಾಡತೊಡಗಿದರು. ಮೊದಮೊದಲು ಹೋದ ಹುಡುಗಿಯರೆಲ್ಲ ಬರಿಗೈಯಲ್ಲಿ ಬಂದರು. ಆಮೇಲೆ ಹೋದವಳು ಮಹದೇವಮ್ಮ. ಅವಳನ್ನು ಕೈಬಿಡಲು ಅವರಿಗೆ ಯಾವ ನೆಪವೂ ಸಿಗಲಿಲ್ಲ.

ಎಲ್ಲರಿಗಿಂತ ಚುರುಕಾಗಿದ್ದವಳು ಕುಂಬಾರಕೊಪ್ಪಲಿನ ಮಡಿವಾಳರ ಮನೆಯ ಸೌಮ್ಯಶ್ರೀ. ಸೀಟು ಸಿಕ್ಕ ವರ್ಷದಲ್ಲೇ ಮದುವೆಯಾಗಿ ಸಂಶೋಧನೆ ಬಿಟ್ಟಳು. ತುಂಬು ಬಸುರಿ ಮಾತಾಡಿಸಿಕೊಂಡು ಹೋಗಲು ಬಂದರೆ ಜುಲೇಖಾ ಬಾಗಿಲು ತೆಗೆಯಲಿಲ್ಲ.

*

ಶಾಮಿಯಾನದೊಳಕ್ಕೆ ಬಿಸಿಲು ನುಗ್ಗಿತ್ತು. ರಜಿಯಾ ಬಂದು ವೃಷಭೇಂದ್ರಪ್ಪನವರ ಪಕ್ಕದಲ್ಲಿ ನಿಂತಳು.

"ಮಹದೇವಿ, ಬಾಮ್ಮ. ನೀನ್ಯಾರು ಅಂತ ಸಾರಿಗೆ ಹೇಳು."

"ಅವರಿಗೆ ಗೊತ್ತಲ್ಲ ಚಾಚಿ."

"ಗೊತ್ತಿಲ್ಲ. ಹೇಳು."

ಮಹದೇವಮ್ಮ ಎದುರಿಗೆ ಬಂದಳು. "ಮಹದೇವಮ್ಮ. ಸಂಶೋಧನಾ ಕೇಂದ್ರದ ನಿರ್ದೇಶಕಿ. ಜುಲೇಖಾ ಮೇಡಂ ಶಿಷ್ಯೆ."

ರಜಿಯಾ ಇನ್ನೊಬ್ಬಳನ್ನು ಕರೆದಳು, ಅವಳೂ ಹೇಳಿದಳು. "ಅರ್ಜುಮಂದ್. ಹೈದರಾಬಾದಿನಲ್ಲಿ ಬೀಜವಿಜ್ಞಾನಿ. ಜುಲೇಖಾ ಮೇಡಂ ಶಿಷ್ಯೆ." ಮತ್ತೊಬ್ಬಳು. "ಬೊಮ್ಮಿ. ನಮ್ಮ ಹಾಡಿಯಿಂದ ಡಾಕ್ಟರೇಟ್ ತಗೊಂಡ ಮೊದಲನೇಳು. ಜುಲೇಖಾ ಮೇಡಂ ಶಿಷ್ಯೆ."

ವೃಷಭೇಂದ್ರಪ್ಪನವರು ಏಳಲು ಹೋದರು. "ನನಗೆ ಬಿಸಿಲು ಆಗಲ್ಲಮ್ಮ, ಬಿ.ಪಿ. ಇದೆ."

"ಸಾರಿಗೆ ನೀರು ಕೊಡ್ರೇ. ಇನ್ನೂ ಅವ್ರೆ ಜನ."

"ಹಳೇದೆಲ್ಲ ಈಗ್ಯಾಕೆ ತಾಯಿ, ಸಾವಿನ ಮನೇಲಿ?"

"ನಮ್ಮನೆಗೆ ನೀವು ಬಂದಿರೋದೇ ಇವತ್ತಲ್ವಾ ಸಾರ್? ಇನ್ಯಾವತ್ತು ಹೇಳ್ಲಿ?"

ಅವರು ಮತ್ತೆ ಕೂತರು. ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದರು. ಯಾರೂ ದನಿ ಏರಿಸಲಿಲ್ಲ. ಹೇಳಿ, ಕ್ಷಣ ನಿಂತು, ಪಕ್ಕಕ್ಕೆ ಸರಿದರು.

ಕೊನೆಗೆ, ಯಾರೂ ಕರೆಯದಿದ್ದರೂ, ಗೋಡೆಯ ಪಕ್ಕದಿಂದ ಒಬ್ಬಳು ಎದ್ದು ಬಂದಳು.

"ನಾನು ಸೌಮ್ಯಶ್ರೀ. ಮದುವೆಯಾಗಿ ಬಿಟ್ಬುಟ್ಟೆ ಸಾರ್. ಮೇಡಂ ಕಳಿಸಿದವರಲ್ಲಿ ನಿಮ್ಮ ಮಾತು ನಿಜ ಮಾಡಿದೋಳು ನಾನೊಬ್ಬಳೇ." ಅವಳು ಮನೆಯ ಬಾಗಿಲತ್ತ ತಿರುಗಿದಳು. "ಹೊಟ್ಟೇಲಿ ಮಗು ಇಟ್ಕೊಂಡು ಈ ಬಾಗಿಲಲ್ಲಿ ನಿಂತಿದ್ದೆ. ತೆಗೀಲೇ ಇಲ್ಲ. ನೀವು ಆ ಮಾತು ಆಡ್ದೆ ಇದ್ದಿದ್ರೆ ನಂಗೆ ಬಾಗ್ಲು ತೆಗೀತಿದ್ರು."

ವೃಷಭೇಂದ್ರಪ್ಪನವರು ತಲೆ ತಗ್ಗಿಸಿದರು.

ಒಳಗೆ ಕಫನ್ ಬಟ್ಟೆ ಹೊದಿಸಿ ಆಗಿತ್ತು. ಕೊನೆಯ ಸಲ ಮುಖ ನೋಡಲು ಹೆಂಗಸರನ್ನು ಕರೆದರು. ಸೌಮ್ಯಶ್ರೀ ಅವರ ಹಿಂದೆಯೇ ಹೋದಳು. ಹೊಸಿಲಿನಲ್ಲಿ ರಜಿಯಾ ಅವಳ ಕೆನ್ನೆಯ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ನೀನು ಬೇಡ ಕಣಮ್ಮ."

"ಚಾಚಿ..."

"ನಂಗೇನೂ ಕೋಪ ಇಲ್ಲ. ನಿಂಗೆ ಮುಖ ತೋರಿಸಬೇಡ ಅಂತ ನಮ್ಮ ಆಪಾ ಹೇಳೋಗವ್ಳೆ."

ಮಹದೇವಮ್ಮ ಸೌಮ್ಯಶ್ರೀಯ ಕಡೆ ಒಂದು ಹೆಜ್ಜೆ ಇಟ್ಟಳು. ರಜಿಯಾಳ ಮುಖ ನೋಡಿ ಒಳಗೆ ಹೋದಳು.

ಜನಾಜಾ ಎದ್ದಿತು. ಗಂಡಸರು ಹೆಗಲು ಬದಲಿಸುತ್ತ ಬೀದಿಯ ತಿರುವು ದಾಟಿದರು. ಹೆಂಗಸರು ಒಳಗೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ಶಾಮಿಯಾನದವನು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಬಂದ. ಕೊನೆಗೆ ಎರಡು ಉಳಿದವು. ಒಂದರಲ್ಲಿ ವೃಷಭೇಂದ್ರಪ್ಪನವರು, ಇನ್ನೊಂದರಲ್ಲಿ ಸೌಮ್ಯಶ್ರೀ. ಎಬ್ಬಿಸಲೆಂದು ಹತ್ತಿರ ಬಂದವನು, ಇಬ್ಬರೂ ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿರುವುದನ್ನು ಕಂಡು, ಮೊದಲು ಹಗ್ಗ ಬಿಚ್ಚೋಣವೆಂದು ಕಂಬದ ಕಡೆ ನಡೆದ.