ಮಧ್ಯಾಹ್ನ ಬ್ರೇಕ್ ಒತ್ತಿದವರು

೨೦೧೬ರ ಮಾರ್ಚ್ ಹೊತ್ತಿಗೆ ಬೀದರ ಜಿಲ್ಲೆಯ ಡಾಬಕಾದ ತನ್ನ ಓಣಿಯಲ್ಲಿ ಏಕನಾಥ ಒಬ್ಬನೇ ಉಳಿದಿದ್ದ. ಮಳೆ ಕೈಕೊಟ್ಟು ಬಾವಿಗಳು ಬತ್ತಿದ ಮೇಲೆ ಕೆಲವರು ಪುಣೆಗೆ, ಕೆಲವರು ಹೈದರಾಬಾದಿಗೆ ಹೋಗಿದ್ದರು. ಎದುರುಮನೆಯ ಮುದುಕಿ ಮರಿಯಮಬೀಯೂ ಮಗ ಮುಜೀಬೋದ್ದೀನನ ಜೊತೆ ಹೈದರಾಬಾದಿಗೆ ಹೋಗಿದ್ದಳು. ಏಕನಾಥ ಔರಾದಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಹೆಂಡತಿ ಕೇಶರಬಾಯಿಯನ್ನೂ ಮಕ್ಕಳನ್ನೂ ಬೀದರಿನ ಮೈಲೂರಿನಲ್ಲಿದ್ದ ಅವಳ ಅಣ್ಣನ ಮನೆಗೆ ಕಳಿಸಿದ್ದ.

ಕಾರಿನ ಬ್ರೇಕ್ ಕಿರುಗುಟ್ಟತೊಡಗಿತ್ತು. ಮೆಕ್ಯಾನಿಕ್ ಕೂಡ ಊರು ಬಿಟ್ಟಿದ್ದ. ಹೊಸ ಪ್ಯಾಡು, ಬ್ರೇಕ್ ಆಯಿಲ್ಲುಗಳನ್ನು ಭಾಲ್ಕಿಯಿಂದ ತಂದು, ಒಂದು ಭಾನುವಾರ ಮಧ್ಯಾಹ್ನ ಬೇವಿನ ನೆರಳಲ್ಲಿ ಜಾಕ್ ಏರಿಸಿ ಮುಂದಿನ ಗಾಲಿ ಬಿಚ್ಚಿದ.

ಅವನಿಗೆ ಭಯವಿದ್ದದ್ದು ಗಾಲಿ ಜಾರದಂತೆ ಬ್ರೇಕನ್ನು ಹಿಡಿದು ಬಿಡುವ ಎಬಿಎಸ್ ಪೆಟ್ಟಿಗೆಯದು. ಗೆಳೆಯನೊಬ್ಬ ಪ್ಯಾಡು ಕೂರಿಸಲು ಬ್ರೇಕಿನ ಪಿಸ್ಟನ್ನನ್ನು ಹಾಗೇ ಒಳಗೆ ಒತ್ತಿದ್ದಕ್ಕೆ, ಹಳೆಯ ಕೊಳಕು ಎಣ್ಣೆ ಹಿಂದಕ್ಕೆ ಏರಿ ಪೆಟ್ಟಿಗೆ ಕೆಟ್ಟಿತ್ತು. ಅದಕ್ಕೆ ಏಕನಾಥ ಮೊದಲು ಬ್ರೇಕಿನ ಹಿಂಬದಿಯ ಸಣ್ಣ ಸ್ಕ್ರೂ ಸಡಿಲಿಸಿ, ಅದಕ್ಕೊಂದು ಸಣ್ಣ ಕೊಳವೆ ಸಿಕ್ಕಿಸಿ ಬಾಟಲಿಗೆ ಇಳಿಬಿಟ್ಟ. ಆಮೇಲೆ ಪಿಸ್ಟನ್ ಒತ್ತಿದ. ಕಪ್ಪು ಎಣ್ಣೆಯೆಲ್ಲ ಬಾಟಲಿಗೆ ಬಂತು. ಹೊಸ ಪ್ಯಾಡು ಕೂರಿಸಿದ.

ಇನ್ನು ಹೊಸ ಎಣ್ಣೆ ಹರಿಸಬೇಕು. ಅದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಸ್ಕ್ರೂ ತೆಗೆದು ಬಿಗಿಯಬೇಕು. ಮನೆಯಲ್ಲಿ ಎಣ್ಣೆ ಬದಲಿಸಿದಾಗಲೆಲ್ಲ ಒತ್ತುತ್ತಿದ್ದವಳು ಕೇಶರಬಾಯಿ. ಗಾಲಿಯ ಬಳಿ ಕುಕ್ಕುರುಗಾಲಲ್ಲಿ ಕೂತ ಏಕನಾಥ ರೂಢಿಯಂತೆ, "ಹೂಂ, ಒತ್ತು" ಅಂದ.

ಎಣ್ಣೆ ಚಿಮ್ಮಿತು. ಸ್ಕ್ರೂ ಬಿಗಿದ. "ಬಿಡು." ಮೇಲೆ ಪೆಡಲ್ ಕಿರ್ರ್ ಎಂದಿತು. "ಒತ್ತು." ಮತ್ತೆ ಎಣ್ಣೆ ಬಂತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲವೆಂಬುದು ನೆನಪಾದಾಗ ಅವನ ಕೈಯಲ್ಲಿನ ಪಾನಾ ಕೆಳಗೆ ಬಿತ್ತು.

ಆಗಲೇ ಕಾರಿನೊಳಗಿಂದ ಮೆಲ್ಲಗೆ ದನಿ ಬಂತು. "ಬೇಟಾ, ಡಬ್ಬ್ಯಾಗಿನ ಎಣ್ಣಿ ನೋಡು. ತಳಾ ಕಾಣ್ಲತ್ತಾದ."

ಪಾನಾ ಎತ್ತಿಕೊಂಡು ಸ್ಕ್ರೂ ಬಿಗಿದು ಬಾನೆಟ್ಟಿನತ್ತ ಓಡಿದ. ಅಲ್ಲಿನ ಬ್ರೇಕ್ ಎಣ್ಣೆಯ ಡಬ್ಬಿ ಬರಿದಾಗುವುದರಲ್ಲಿತ್ತು. ಇನ್ನೊಂದೆರಡು ಸಲ ಒತ್ತಿದ್ದರೆ ಗಾಳಿ ಒಳನುಗ್ಗಿ ಎಬಿಎಸ್ ಪೆಟ್ಟಿಗೆ ಸೇರುತ್ತಿತ್ತು, ಆ ಗಾಳಿಯನ್ನು ಮನೆಯಲ್ಲಿ ತೆಗೆಯಲಾಗುವುದಿಲ್ಲ. ಎಣ್ಣೆ ಸುರಿದ. ಸುರಿಯುವಾಗ ಹೊಳೆಯಿತು: ಬಾನೆಟ್ ಎತ್ತಿದ್ದಾಗ ಸೀಟಿನಿಂದ ಡಬ್ಬಿ ಕಾಣುವುದೇ ಇಲ್ಲ.

ಬಾನೆಟ್ ಇಳಿಸಿ ನೋಡಿದ. ಒಳಗೆ ಯಾರೂ ಇರಲಿಲ್ಲ. ಸೀಟು ಮಾತ್ರ ಸ್ಟೀರಿಂಗಿಗೆ ತಾಗುವಷ್ಟು ಮುಂದೆ ಸರಿದಿತ್ತು, ಗಿಡ್ಡ ಆಳು ಯಾರೋ ಕೂತಿದ್ದಂತೆ. ಓಣಿಯಲ್ಲಿ ಒಂದು ಕಾಗೆಯೂ ಇರಲಿಲ್ಲ.

ದನಿಯ ಗುರುತು ಹತ್ತಿತ್ತು. ಹೈದರಾಬಾದಿಗೆ ಫೋನ್ ಹಚ್ಚಿದ. ಮುಜೀಬೋದ್ದೀನ, "ಅಮ್ಮಿ ಈಗಷ್ಟೇ ಎದ್ದಾಳ್ರಿ ಸರ್" ಎಂದು ಫೋನ್ ಕೊಟ್ಟ.

"ಆರಾಮ ಇದ್ದೀರೇನು, ಚಾಚಿ?"

"ಮಕ್ಕೊಂಡಿದ್ದೆ, ಬೇಟಾ. ಕನಸಿನ್ಯಾಗ ನಮ್ಮ ಓಣ್ಯಾಗಿದ್ದೆ. ನೀ ಒತ್ತು ಒತ್ತು ಅನ್ಲತ್ತಿದ್ದಿ, ಯಾರೂ ಬರಲಿಲ್ಲ. ನಾನೇ ಬಂದು ಕುಂತೆ." ಮುದುಕಿ ನಿಟ್ಟುಸಿರು ಬಿಟ್ಟಳು. "ಕಾಲು ಭಾಳ ನೋವಾಲತ್ತಾದ."

ಏಕನಾಥ ಫೋನ್ ಇಟ್ಟ. ಇನ್ನೊಂದು ಗಾಲಿ ಮುಟ್ಟದೆ ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಮುಂದಿನ ಭಾನುವಾರ ಕೇಶರಬಾಯಿಯನ್ನು ಬಸ್ಸಿನಲ್ಲಿ ಕರೆಸಿಕೊಂಡ. ಏನನ್ನೂ ಹೇಳಲಿಲ್ಲ. ಅವಳು ಕಾರಿನ ಬಾಗಿಲು ತೆಗೆದದ್ದು ಕೇಳಿಸಿತು. ಗಾಲಿಯ ಬಳಿ ಕೂತು, "ಒತ್ತು" ಎಂದು ಸ್ಕ್ರೂ ಸಡಿಲಿಸಿದ. ಎಣ್ಣೆ ಸರ್ರನೆ ಬಂತು.

"ತಡೀರಿ, ನಾ ಇನ್ನಾ ಹೊರಗೇ ನಿಂತೀನಿ" ಅಂದಳು ಕೇಶರಬಾಯಿ. "ಯಾಕ್ರೀ, ಈ ಸೀಟು ಇಷ್ಟ್ಯಾಕ ಮುಂದದ?"

ಏಕನಾಥ ಸ್ಕ್ರೂ ಬಿಗಿದು ಎದ್ದ. ಅವಳ ಮುಖ ನೋಡುತ್ತ ನಡೆದದ್ದನ್ನೆಲ್ಲ ಹೇಳಿದ. ಅವಳು ಕಿರುಚಲಿಲ್ಲ. ಖಾಲಿ ಸೀಟಿನತ್ತ ತಿರುಗಿ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಚಾಚಿ, ಸಾಕ್ರಿ" ಅಂದಳು ಸಣ್ಣ ದನಿಯಲ್ಲಿ. "ಇನ್ನ ನಾ ಒತ್ತತೀನಿ. ನೀವು ಮಕ್ಕೋರಿ."

ಸೀಟನ್ನು ಹಿಂದೆ ಸರಿಸಿ ಕೂತಳು. ಉಳಿದ ಕೆಲಸ ಬೇಗ ಮುಗಿಯಿತು. ಸಂಜೆ ಇಬ್ಬರೂ ಬೀದರಿಗೆ ಹೊರಟರು. ಔರಾದ ದಾಟಿದ ಮೇಲೆ ಮೇಕೆಯೊಂದು ಅಡ್ಡ ಬಂತು. ಏಕನಾಥ ಬ್ರೇಕ್ ಒತ್ತಿದಾಗ ಎಬಿಎಸ್ ಕೆಲಸ ಮಾಡಿ ಪೆಡಲ್ ಕಾಲಡಿ ಗಡಗಡ ನಡುಗಿ, ಕಾರು ಅತ್ತಿತ್ತ ಹೊರಳದೆ ನೆಟ್ಟಗೆ ನಿಂತಿತು.

ಕೇಶರಬಾಯಿ ಗಂಡನತ್ತ ತಿರುಗಿದಳು. "ಹೈದರಾಬಾದಿಗೆ ಫೋನ್ ಹಚ್ರಿ. ಚಾಚಿ ಕಾಲಿಗೆ ಯಾರರೆ ಎಣ್ಣಿ ತಿಕ್ಕಲಿ."