ಮೇಲಿನ ಮನೆಯ ಫೋನು

ಮೋಡೆಮ್ಮು ಮೂರನೆಯ ಸಲ ಕಿರುಚಿ, ಗೊರಗುಟ್ಟಿ, ತೆಪ್ಪಗಾಯಿತು. ಮೇಜಿನ ಕೆಳಗೆ ತಲೆ ತೂರಿಸಿದ್ದ ರಿಪೇರಿಯವನು "ಸಿಕ್ತು" ಅಂದ. ಗುಂಡಿ, ಜಿಪ್ಪುಗಳ ಆ ಸಗಟು ಅಂಗಡಿಯ ಮೂರೂ ಕಂಪ್ಯೂಟರುಗಳು ಒಂದೇ ಫೋನ್ ತಂತಿಯಲ್ಲಿ ಇಂಟರ್‌ನೆಟ್ಟಿಗೆ ಸೇರಿಕೊಂಡವು.

ಸೊಸೆ ಟೈಪು ಮಾಡಿದ ಆರ್ಡರು ಕಾರ್ಖಾನೆಗೆ ಹೋಯಿತು. ಅವಳು ಕುರ್ಚಿಯಿಂದ ಏಳುವಷ್ಟರಲ್ಲಿ ಉತ್ತರವೂ ಬಂತು. ಮಾವ ಕನ್ನಡಕವನ್ನು ಹಣೆಗೇರಿಸಿ ನಕ್ಕರು. "ನೋಡಮ್ಮ, ನೀನು ಫ್ಯಾಕ್ಸ್ ಅಂಗಡಿಗೆ ಅಂತ ದಿನಾ ಬಿಸಿಲಲ್ಲಿ ಅಲೀತಿದ್ದೆ. ಇನ್ನು ಹೊಸಿಲು ದಾಟಬೇಕಾಗಿಲ್ಲ."

ಪ್ರೀತಿಯಿಂದಲೇ ಅಂದಿದ್ದರು. ಇಂಟರ್‌ನೆಟ್ ಬೇಕೇ ಬೇಕೆಂದು ಮನೆಮಂದಿಯ ತಲೆ ತಿಂದವಳೂ ಅವಳೇ. ಮದುವೆಯಾದ ಮೇಲೆ ಅವಳು ಒಬ್ಬಳೇ ನಡೆದದ್ದೆಂದರೆ ಆ ಫ್ಯಾಕ್ಸ್ ಅಂಗಡಿಯ ರಸ್ತೆಯಲ್ಲಿ ಮಾತ್ರ. ಅಂಗಡಿಯಾಕೆ ಸ್ಟೂಲು ಎಳೆದು ಕೊಡುತ್ತಿದ್ದಳು. ಗಂಡಂದಿರನ್ನು ಆಡಿಕೊಂಡು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ತಡವಾದಾಗ, ಫ್ಯಾಕ್ಸಿಗೆ ಲೈನ್ ಸಿಗಲಿಲ್ಲವೆಂದು ಮನೆಯಲ್ಲಿ ಸುಳ್ಳು ಹೇಳಿದ್ದೂ ಉಂಟು.

ಮಹಡಿ ಹತ್ತಿ, ಅಡುಗೆಮನೆಯ ಗೋಡೆಯಲ್ಲಿದ್ದ ಫೋನು ಎತ್ತಿದಳು. ಅಂಗಡಿಗೂ ಮನೆಗೂ ಇದ್ದದ್ದು ಅದೊಂದೇ ಲೈನು. ಕಿವಿಗೆ ಬರೀ ಕರಕರ. ಕೆಳಗಿನಿಂದ ಗಂಡನ ದನಿ ಬಂತು. "ಯಾರೇ ಫೋನ್ ಎತ್ತಿದ್ದು? ಎಲ್ಲಾ ಕಟ್ ಆಯ್ತು."

ಸ್ವಲ್ಪ ಹೊತ್ತಿಗೆ ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಬಂದ. "ಅಕ್ಕ, ಈ ಫೋನು ತೆಗೀಬೇಕಂತೆ. ಎತ್ತಿದಾಗೆಲ್ಲ ಇಂಟರ್‌ನೆಟ್ ಹೋಗುತ್ತೆ."

"ಒಂದೇ ಒಂದು ಮಾತು ಆಡ್ಕೋತೀನಿ, ತಡಿ."

ಅವನು ಅವಳ ಮುಖ ನೋಡಿ, ಕಿಟಕಿಯತ್ತ ತಿರುಗಿ ನಿಂತ. ಕರಕರ ನಿಂತಿತ್ತು. ಅವಳು ಫ್ಯಾಕ್ಸ್ ಅಂಗಡಿಯ ನಂಬರು ಒತ್ತಿದಳು.

"ಎಲ್ಲಿದೀಯೇ ತಾಯಿ? ಕಾದು ಕಾದು ನಿನ್ನ ಟೀನೂ ನಾನೇ ಕುಡಿದೆ," ಅಂದಳು ಅಂಗಡಿಯಾಕೆ.

"ಇವತ್ತು ಸ್ವಲ್ಪ ಕೆಲಸ ಇತ್ತು ಕಣೇ."

"ಹಾಗಾದ್ರೆ ನಾಳೆ ಬೇಗ ಬಾ. ಹೇಳೋದು ರಾಶಿ ಇದೆ."

"ಹೂಂ," ಅಂದಳು ಸೊಸೆ. ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಆಯ್ತೇನಪ್ಪಾ?" ಮಾವ ಕೆಳಗಿನಿಂದ ಕೂಗಿದರು.

"ಸ್ಕ್ರೂ ತುಕ್ಕು ಹಿಡಿದಿದೆ ಸಾರ್, ಸ್ವಲ್ಪ ತಡೀರಿ," ಅಂದ ರಿಪೇರಿಯವನು, ಕಿಟಕಿಯಿಂದ ಕದಲದೆ.

ಕೊನೆಗೆ ಅವಳೇ ರಿಸೀವರ್ ಇಟ್ಟು ಪಕ್ಕಕ್ಕೆ ಸರಿದಳು. ಸ್ಕ್ರೂಗಳು ಸಲೀಸಾಗಿ ಕೈಗೆ ಬಂದವು. ಫೋನನ್ನು ಅವಳ ಕೈಗಿಟ್ಟು, ತಲೆ ತಗ್ಗಿಸಿಕೊಂಡು ಅವನು ಮೆಟ್ಟಿಲಿಳಿದ. ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ. ಜೋತಾಡುತ್ತಿದ್ದ ತಂತಿಯನ್ನು ಫೋನಿಗೇ ಸುತ್ತಿದಳು. ಸುತ್ತಿ ಮುಗಿದ ಮೇಲೆ ಬಿಚ್ಚಿ, ಮತ್ತೆ ಸುತ್ತತೊಡಗಿದಳು.